ಜಾರಿ ಬಿದ್ದ ಹಾಳೆ

ಬಿಳಿಗೆರೆಯ ನಮ್ಮ ಶಾಲೆಯ ನೀರಿನ ಚಿಲ್ಲರ್ ದಿನಾ ಮಧ್ಯಾಹ್ನ ‘ಹೈ ಪ್ರೆಷರ್’ ಎಂದು ತೋರಿಸಿ ನಿಂತುಬಿಡುತ್ತಿತ್ತು. ಬಂದವರೆಲ್ಲ ಗ್ಯಾಸ್ ತುಂಬಿ ಹೋಗಿದ್ದರು. ಈ ಸಲ ಬಂದ ಮೆಕ್ಯಾನಿಕ್ ಒಬ್ಬ ಹೆಂಗಸು. ನನ್ನಿಂದ ಒಂದು ಹಾಳೆ ಕೇಳಿ ಪಡೆದು ಯಂತ್ರದ ಹಿಂದಿನ ಜಾಲರಿಗೆ ಹಿಡಿದಳು. ಅದು ಅಂಟದೆ ಜಾರಿ ಬಿತ್ತು.

“ಗಾಳೀನೇ ಎಳೀತಿಲ್ಲ ಮೇಡಂ. ಪಕ್ಕದ ಫ್ಯಾಕ್ಟ್ರಿ ತೆಂಗಿನ ನಾರಿನ ಧೂಳು ಕಟ್ಕೊಂಡೈತೆ. ಗ್ಯಾಸ್ ತುಂಬಿದಷ್ಟೂ ಪ್ರೆಷರ್ ಏರ್ತದೆ.”

“ಯಾರಮ್ಮ ಕಲಿಸಿದ್ದು?”

“ನಿಮ್ಮೆಜಮಾನ್ರೇ ಕಣ್ರೀ. ಕೆಲ್ಸ ಮಾಡ್ತಾ ಬಾಯೇ ಮುಚ್ತಿರಲಿಲ್ಲ ಅವ್ರು.”

ಇದೇ ರಿಪೇರಿ ಕೆಲಸ ಮಾಡಿಕೊಂಡಿದ್ದು ಹೋದ ವರ್ಷ ತೀರಿಕೊಂಡ ನನ್ನ ಗಂಡ ಮನೆಯಲ್ಲಿ ಕೆಲಸದ ಮಾತೇ ಎತ್ತುತ್ತಿರಲಿಲ್ಲ. ಆ ಮಾತುಗಳೆಲ್ಲ ಇವಳ ಪಾಲಾಗಿದ್ದವಲ್ಲ ಎಂದು ಹೊಟ್ಟೆ ಉರಿಯಿತು.

“ನಿಮ್ಗೂ ಹೇಳಿರ್ಬೇಕಲ್ವಾ, ಈ ಹಾಳೆ ವಿಷ್ಯ?”

“ಹೇಳ್ದೆ ಇರ್ತಾರೇನಮ್ಮ? ಎಷ್ಟೋ ಸಲ,” ಎಂದೆ.

ತರಗತಿಯಲ್ಲಿ ಯಾರಾದರೂ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದರೆ ನಾನು ಹಿಡಿದುಬಿಡುತ್ತಿದ್ದೆ.