ಅಜ್ಜಿ ಆರಿಸಿದ ಗಿಣಿಹಸಿರು

ರೇಷ್ಮೆಗೂಡು ಬೇಯುವ ವಾಸನೆ ಎಂಥದ್ದೆಂದು ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಶಿಡ್ಲಘಟ್ಟಕ್ಕೆ ಹೊಸದಾಗಿ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ಮೊನ್ನೆ ಅಕ್ಕನ ಮಗನ ಮದುವೆಗೆ ಬೀಗಿತ್ತಿಯ ಸೀರೆ ನೋಡಲು ಹೋಗಿದ್ದೆವು. ಬಸ್ಸಿಳಿದು ನಾಲ್ಕು ಹೆಜ್ಜೆ ಇಟ್ಟೆವೋ ಇಲ್ಲವೋ, ಯಾವುದೋ ಸಂದಿಯಿಂದ ಆ ವಾಸನೆ ಬಂತು, ನನಗೆ ಕಣ್ಣು ತುಂಬಿತು. ಅದು ನನ್ನ ಅಜ್ಜಿಯ ಮನೆಯ ವಾಸನೆ. ಆ ಹೆಂಚಿನ ಮನೆ ಈಗಿಲ್ಲ, ಅಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ಆಗ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಂದು ಚರಕವಿತ್ತು. ಅಜ್ಜಿ ಕುದಿಯುವ ನೀರಿನ ಮುಂದೆ ಕೂತು ಗೂಡುಗಳಿಂದ ಎಳೆ ಎತ್ತಿ ಕೊಡುತ್ತಿದ್ದಳು, ಮಾವ ಚರಕ ತಿರುಗಿಸುತ್ತಿದ್ದ. ತಾತ ಬೇಗ ತೀರಿಹೋದ ಮೇಲೆ ಅಮ್ಮನನ್ನೂ ಮಾವನನ್ನೂ ಅವಳು ಸಾಕಿದ್ದು ಹಾಗೆಯೇ. ಬಿಸಿನೀರಿಗೆ ಬಿದ್ದು ಬಿದ್ದು ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಆದರೂ ಎಳೆ ಕಡಿದರೆ ಕಣ್ಣಿಗಿಂತ ಮೊದಲು ಆ ಬೆರಳಿಗೆ ತಿಳಿಯುತ್ತಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಕ್ಕನನ್ನು ಮಾವನಿಗೇ ಕೊಡುವುದೆಂದು ಮಾತಾಯಿತು. ಸೋದರಮಾವನಿಗೆ ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಮಾವ ಅಮ್ಮನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಅಕ್ಕನಿಗಿಂತ ಐದು ವರ್ಷ ದೊಡ್ಡವನು, ಅಷ್ಟೇ. ಹುಡುಗನ ತಾಯಿ ಅಜ್ಜಿ, ಹುಡುಗಿಯ ತಾಯಿ ಅಮ್ಮ. ಹೆತ್ತ ತಾಯಿ ಮಗಳೇ ಬೀಗಿತ್ತಿಯರಾದರು! ಕೇಳಿದವರೆಲ್ಲ ನಗುತ್ತಿದ್ದರು. ಒಬ್ಬ ಬೀಗಿತ್ತಿಗೆ ಇನ್ನೊಬ್ಬ ಬೀಗಿತ್ತಿ ಸೀರೆ ಆರಿಸಿ ತರಬೇಕು, ಅದು ಪದ್ಧತಿ. "ನಮ್ಮಿಬ್ಬರ ನಡುವೆ ಅದೆಲ್ಲಾ ಯಾಕಮ್ಮ, ಬಿಡು" ಎಂದು ಅಮ್ಮ ಅಂದಳು. ಅಜ್ಜಿ ಕೇಳಬೇಕಲ್ಲ. "ಯಾಕೆ ಬಿಡ್ಲಿ? ಈಗ ನೀನು ನನ್ ಬೀಗಿತ್ತಿ ಕಣೇ. ನಿನ್ ಮದುವೇಲಿ ಗಿಣಿಹಸ್ರು ರೇಷ್ಮೆ ಬೇಕೂಂತ ಅತ್ತಿದ್ದೆ, ಕೊಡಿಸಕ್ಕಾಗ್ಲಿಲ್ಲ. ಈಗ ನನ್ ಕೈಯಾರೆ ಆರಿಸಿ ಕೊಡ್ತೀನಿ." ಜೀವಮಾನವಿಡೀ ರೇಷ್ಮೆ ಎಳೆದವಳು ಮಗಳನ್ನು ನೂಲಿನ ಸೀರೆಯಲ್ಲಿ ಧಾರೆ ಎರೆದುಕೊಟ್ಟಿದ್ದಳು. ಆ ಸಂಕಟ ಅಷ್ಟು ವರ್ಷವೂ ಅವಳಲ್ಲಿ ಹಾಗೇ ಇತ್ತು ಪಾಪ.

ಚಿಕ್ಕಬಳ್ಳಾಪುರದ ಒಂದು ಸೀರೆ ಅಂಗಡಿಗೆ ಹೋದೆವು, ಅಜ್ಜಿ, ಅಮ್ಮ, ನಾನು. ಬಿಳಿ ಹಾಸಿನ ಮೇಲೆ ಚಕ್ಕಂಬಟ್ಟಲು ಹಾಕಿ ಕೂತ ಅಜ್ಜಿ, "ಹಸ್ರು ತೋರ್ಸಪ್ಪ" ಅಂದಳು. ಅಂಗಡಿಯವರು ಹಸಿರು ಹರವಿದರು, ಅದರ ಜೊತೆಗೆ ಇರಲಿ ಎಂದು ಬೇರೆ ಬಣ್ಣದವನ್ನೂ ಹರವಿದರು. ಅಜ್ಜಿ ಸೀರೆಗಳ ಕಡೆ ನೋಡಲೇ ಇಲ್ಲ. ಒಂದೊಂದರ ಸೆರಗನ್ನೂ ಹೆಬ್ಬೆರಳಲ್ಲಿ ತೀಡಿದಳು, ಮುಷ್ಟಿಯಲ್ಲಿ ಹಿಡಿದು ಬಿಟ್ಟಳು, ಕೆನ್ನೆಗೆ ಒತ್ತಿಕೊಂಡಳು. ಕೊನೆಗೆ ರಾಶಿಯ ಅಡಿಯಿಂದ ಒಂದನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು. "ಇದೇ. ಈ ಗಿಣಿಹಸ್ರೇ. ಎಂಥಾ ರೇಷ್ಮೆ ನೋಡೇ ತಲ್ಲಿ!" ಎಂದು ಅಮ್ಮನ ಕಡೆ ತಿರುಗಿದಳು. ಅವಳ ಮುಖ ಹಬ್ಬದಂತಿತ್ತು. ಸೀರೆ ಮಾತ್ರ ಬೂದಿ ಬಣ್ಣದ್ದು.

"ಅಜ್ಜೀ, ಅದು..." ಎಂದು ನಾನು ಬಾಯಿ ತೆರೆದೆ. ಅಮ್ಮ ನನ್ನ ತೊಡೆ ಚಿವುಟಿದ ನೋವು ಇವತ್ತಿಗೂ ನೆನಪಿದೆ. ಅಂಗಡಿಯವರೂ ಏನೋ ಹೇಳಹೊರಟಿದ್ದರು. ಅಮ್ಮ ಅವರ ಕಡೆ ಒಮ್ಮೆ ನೋಡಿ, "ನಂಗೂ ಇದೇ ಹಿಡಿಸ್ತಪ್ಪ, ಪ್ಯಾಕ್ ಮಾಡಿ" ಅಂದಳು. ಅಜ್ಜಿಯ ಕಣ್ಣು ಹೋಗಿದೆಯೆಂದು ಅಮ್ಮನಿಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ದಿನವೂ ಎದುರಿಗೆ ಕೂತು ಚರಕ ತಿರುಗಿಸುವ ಮಾವನಿಗೂ ಅದು ತಿಳಿದಿರಲಿಲ್ಲ. ತಿಳಿದರೆ ಗಂಡಿನ ತಾಯಿಯನ್ನು ಮೂಲೆಯಲ್ಲಿ ಕೂರಿಸಿ, ಎಲ್ಲವನ್ನೂ ಬೇರೆಯವರು ಮಾಡುತ್ತಾರೆಂದು ಅವಳು ಮುಚ್ಚಿಟ್ಟಿದ್ದಳು. ಗುಟ್ಟಾಗಿ ಹಸಿರು ಸೀರೆ ತಂದುಬಿಡೋಣ ಅಂತ ನಾನಂದರೆ ಅಮ್ಮ ಬೇಡವೆಂದು ತಲೆಯಾಡಿಸಿದಳು. "ಮುಟ್ಟಿದ್ರೆ ಗೊತ್ತಾಗ್ಬಿಡತ್ತೆ ಕಣೇ ಅವಳಿಗೆ. ಕೊಡಿಸ್ದೆ ಅನ್ನೋ ಖುಷೀಲಿದ್ದಾಳೆ, ಇರ್ಲಿ ಬಿಡು."

ಮದುವೆಯ ದಿನ ಅಮ್ಮ ಆ ಬೂದಿ ಬಣ್ಣವನ್ನೇ ಉಟ್ಟಳು. ಇಂದಾದರೆ ಅದೇ ಬಣ್ಣವನ್ನು ಅಂಗಡಿಯ ಗಾಜಿನಲ್ಲಿ ನೇತುಹಾಕುತ್ತಾರೆ, ಆಗ ಮುತ್ತೈದೆಯೊಬ್ಬಳು ಮಗಳ ಮದುವೆಯಲ್ಲಿ ಉಡುವ ಬಣ್ಣವೇ ಅದು? ಗೌರಿಬಿದನೂರಿನಿಂದ ಬಂದ ನಮ್ಮ ಸೋದರತ್ತೆ ಸುಮ್ಮನಿರುವ ಪೈಕಿಯಲ್ಲ. "ಏನತ್ತಿಗೆ ಇದು ಅವತಾರ? ನಿಮ್ಮಮ್ಮಂಗೆ ಬೇರೆ ಬಣ್ಣ ಸಿಗ್ಲಿಲ್ವಾ?" ಎಂದು ಚಪ್ಪರದ ಕೆಳಗೇ ಕೇಳಿದರು. ಅಮ್ಮ ನಕ್ಕು, "ಮೆತ್ತಗೆ ಮಾತಾಡಮ್ಮ. ನಾನೇ ಹಟ ಮಾಡಿ ಆರಿಸ್ಕೊಂಡೆ, ಈಗ ಇದೇ ಫ್ಯಾಷನ್ನು" ಅಂದಳು. ಹೋದಲ್ಲೆಲ್ಲ ಅದನ್ನೇ ಹೇಳಿದಳು. ಅಷ್ಟು ಮಂದಿಯ ಮೂದಲಿಕೆಯನ್ನು ಮೈಮೇಲೆ ಎಳೆದುಕೊಂಡು ಇಡೀ ದಿನ ನಗುತ್ತಲೇ ಓಡಾಡಿದ ನನ್ನ ಅಮ್ಮನನ್ನು ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ. ಧಾರೆಯ ಹೊತ್ತಿನಲ್ಲಿ ಅಜ್ಜಿ ಅವಳ ಸೆರಗು ಸವರುತ್ತಾ, "ಗಿಣಿ ಥರಾ ಇದ್ದೀಯ" ಅಂದಳು.

ತಿಂಗಳು ಕಳೆದು, ಹೊಸ್ತಿಲು ಎಡವಿ ಬಿದ್ದ ಮೇಲೆ ಅಜ್ಜಿ ಕಣ್ಣು ಕಾಣುತ್ತಿಲ್ಲವೆಂದು ತಾನಾಗಿಯೇ ಒಪ್ಪಿಕೊಂಡಳು. ಪೊರೆ ಬಂದಿದೆ, ತೆಗೆದರೆ ಕಾಣುತ್ತದೆ ಎಂದರು ಡಾಕ್ಟರು. ಎಲ್ಲರೂ ಕುಣಿದಾಡಿದರು, ಅಮ್ಮನಿಗೆ ಮಾತ್ರ ಸೀರೆಯ ಚಿಂತೆ ಹತ್ತಿತು. ಮಾರನೇ ದಿನವೇ ನನ್ನನ್ನೂ ಕರೆದುಕೊಂಡು ಚಿಂತಾಮಣಿಯಲ್ಲಿ ಸೀರೆಗೆ ಬಣ್ಣ ಹಾಕುವ ಸಾಹೇಬರ ಹತ್ತಿರ ಓಡಿದಳು. ಅವರು ಸೀರೆ ಬಿಡಿಸಿ ನೋಡಿ, "ಹೊಸಾ ಸೀರೆ ಅಮ್ಮಾ, ಯಾಕ್ ಹಾಳ್ ಮಾಡ್ತೀರಿ? ಜರಿ ಮಂಕಾಗತ್ತೆ, ರೇಷ್ಮೆ ಮೈ ಹೋಗತ್ತೆ" ಅಂದರು. ಅಮ್ಮ ವಿಷಯ ಹೇಳಿದಳು. ಅವರು ಸೀರೆಯನ್ನು ಬೆಳಕಿಗೆ ಹಿಡಿದು, "ಗಿಣಿಹಸಿರು ಬರಲ್ಲ, ಎಲೆಹಸಿರು ಬರತ್ತೆ. ನಡೀತದಾ?" ಎಂದು ಕೇಳಿದರು.

ಕಣ್ಣಿನ ಕಟ್ಟು ಬಿಚ್ಚಿದ ವಾರಕ್ಕೆ ಅಜ್ಜಿ ಸೀರೆ ತಾ ಅಂದಳು. ಅಮ್ಮ ತಂದು ಅವಳ ತೊಡೆಯ ಮೇಲಿಟ್ಟಳು. ಅಜ್ಜಿ ಕಣ್ಣು ಕಿರಿದು ಮಾಡಿ ಹಸಿರನ್ನು ನೋಡಿದಳು, ಆಮೇಲೆ ಹೆಬ್ಬೆರಳಿಂದ ಸೆರಗು ತೀಡಿದಳು. ಬೆರಳು ಒಂದು ಕಡೆ ನಿಂತಿತು. ಮತ್ತೆ ತೀಡಿದಳು. "ನನ್ ಕಣ್ಣು ಆಗ್ಲೂ ಚೆನ್ನಾಗೇ ಇತ್ತು ನೋಡು" ಎಂದು ನಕ್ಕು ಸೀರೆ ಮಡಿಸಿ ಕೊಟ್ಟಳು. ಅಮ್ಮ ಒಳಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮದುವೆಯ ಆಲ್ಬಂ ಅವಳ ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದಾಗಿತ್ತು.

ಆಮೇಲೆ ಅಜ್ಜಿ ಹನ್ನೊಂದು ವರ್ಷ ಬದುಕಿದ್ದಳು. ಅಕ್ಕಿಯ ಕಲ್ಲು ಆರಿಸಿದಳು, ಅಕ್ಕನ ಮಗನ ತಲೆಯ ಹೇನು ಹೆಕ್ಕಿದಳು, ಯಾರ ಮನೆಯ ಫೋಟೋ ಬಂದರೂ ಕನ್ನಡಕ ಏರಿಸಿ ನೋಡಿದಳು. ತನ್ನ ಒಬ್ಬನೇ ಮಗನ ಮದುವೆಯ ಆಲ್ಬಂ ಮಾತ್ರ ಒಮ್ಮೆಯೂ ಕೇಳಲಿಲ್ಲ. ಒಂದು ಸಲ ಅಜ್ಜಿ, ಅಕ್ಕ ನಮ್ಮ ಮನೆಗೆ ಬಂದಿದ್ದಾಗ ನೆಂಟರು ಬಂದರು, ಅಮ್ಮ ಮನೆಯಲ್ಲಿರಲಿಲ್ಲ. ಅಮ್ಮ ತೆಗೆಯಬೇಡ ಎಂದದ್ದನ್ನು ಮರೆತು ಅಕ್ಕ ಅದನ್ನು ಟ್ರಂಕಿನಿಂದ ತೆಗೆದು ಅಜ್ಜಿಯ ಮುಂದೆಯೇ ಬಿಚ್ಚಿಬಿಟ್ಟಳು. ಅಜ್ಜಿ ತಟ್ಟನೆ ಎದ್ದು, "ನೀವು ನೋಡ್ತಿರಿ, ಒಲೆ ಮೇಲೆ ಹಾಲಿಟ್ಟಿದ್ದೀನಿ" ಎಂದು ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಒಲೆ ಹಚ್ಚಿರಲೇ ಇಲ್ಲ. ಅಜ್ಜಿ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. ನನ್ನನ್ನು ಕಂಡು, "ನಿಮ್ಮಮ್ಮಂಗೆ ಹೇಳ್ಬೇಡ ಕಣಮ್ಮ" ಅಂದಳು.

ಇಬ್ಬರೂ ಈಗಿಲ್ಲ. ತಾಯಿಗೆ ಏನೂ ಗೊತ್ತಾಗಲಿಲ್ಲವೆಂಬ ನೆಮ್ಮದಿಯಲ್ಲೇ ಅಮ್ಮ ಕಣ್ಣು ಮುಚ್ಚಿದಳು. ನಾನು ಹೇಳಲಿಲ್ಲ.