ಕೆಂಪಮ್ಮ ಖಾಲಿ ಮಾಡಿದ ಡ್ರಾಯರು

ಅವಳಿಗೆ ಕೆಂಪಮ್ಮ ಅಂತ ಹೆಸರಿಟ್ಟಿದ್ದು ಅತ್ತೆ. ತಂದೆ ತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಮದುವೆಯಾಗಿ ಬಂದ ಹೊಸದರಲ್ಲಿ, ಕಣ್ಣು ಕುಕ್ಕುವ ಕೆಂಪು ಲಿಪ್‌ಸ್ಟಿಕ್ ಹಚ್ಚಿಕೊಂಡು ಕೆಲಸಕ್ಕೆ ಹೊರಟವಳನ್ನು ನೋಡಿ ಅತ್ತೆ, "ಹೊರಟ್ಳು ನೋಡು ಕೆಂಪಮ್ಮ, ಇವತ್ತು ಬಸ್ಸುಗಳೆಲ್ಲ ಇದ್ದಲ್ಲೇ ನಿಂತುಬಿಡ್ತವೆ" ಎಂದಿದ್ದರು. ಹೆಸರು ಅಂಟಿಕೊಂಡಿತು. ಗಂಡನೂ ಹಾಗೇ ಕರೆದ, ನಾದಿನಿಯೂ ಹಾಗೇ ಕರೆದಳು. ಅವಳು ಕೆಲಸ ಮಾಡುವ ಆಸ್ಪತ್ರೆಯ ನೋಂದಣಿ ಕೌಂಟರಿಗೂ ಅದು ಹೇಗೋ ಹೋಗಿ ಮುಟ್ಟಿತು. ಅವಳಿಗೇನೂ ಬೇಸರವಿರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಗಾಜಿನ ಹಿಂದೆ ಕೂತು ಜನರ ಹೆಸರು, ವಯಸ್ಸು, ಕಾಯಿಲೆ ಬರೆದುಕೊಳ್ಳುವವಳಿಗೆ ಮುಖದ ಮೇಲಾದರೂ ಸ್ವಲ್ಪ ಬಣ್ಣ ಬೇಡವೇ?

ತಕರಾರು ಏನೆಂದರೆ, ಅದು ಸ್ವಲ್ಪದಲ್ಲಿ ನಿಲ್ಲಲಿಲ್ಲ. ಬಸ್ ಸ್ಟಾಪಿನ ಪಕ್ಕದಲ್ಲೇ ಒಂದು ಅಂಗಡಿ. ಅಲ್ಲಿಯ ಹುಡುಗಿ ಬಾಗಿಲಲ್ಲಿ ನಿಂತು "ಮೇಡಂ, ಹೊಸದು ಬಂದಿದೆ" ಎಂದರೆ ಸಾಕು, ಕೆಂಪಮ್ಮನ ಕಾಲು ಅವಳ ಅಪ್ಪಣೆ ಕೇಳದೆ ಒಳಗೆ ಹೋಗುತ್ತಿತ್ತು. ಕೆನ್ನೆಗೊಂದು, ರೆಪ್ಪೆಗೊಂದು, ಹಚ್ಚಿದ್ದನ್ನು ಅಳಿಸಲಿಕ್ಕೊಂದು, ಅಳಿಸಿದ ಮೇಲೆ ಸವರಲಿಕ್ಕೆ ಇನ್ನೊಂದು. ಸಂಬಳ ಬಂದ ವಾರ ಕೈ ಬಿಗಿಹಿಡಿದವಳೇ ಅಲ್ಲ.

ಒಂದು ಸಂಜೆ ಇಟ್ಟಿಗೆ ಬಣ್ಣದ ಲಿಪ್‌ಸ್ಟಿಕ್ ಒಂದನ್ನು ತಂದು ಡ್ರಾಯರಿಗೆ ಹಾಕಿದರೆ ಡ್ರಾಯರು ಮುಚ್ಚಲು ಒಪ್ಪಲಿಲ್ಲ. ಅದುಮಿದಳು, ಅಲ್ಲಾಡಿಸಿದಳು, ಕೊನೆಗೆ ಪೂರ್ತಿ ಹೊರಗೆಳೆದಳು. ಹಿಂದೆ ಸಿಕ್ಕಿಕೊಂಡಿದ್ದ ಎರಡು ಡಬ್ಬಿಗಳು ಕೈಗೆ ಬಂದವು. ಅದೇ ಕಂಪನಿ, ಅದೇ ಇಟ್ಟಿಗೆ ಬಣ್ಣ, ಸೀಲು ಕೂಡ ಒಡೆದಿಲ್ಲ! ಇಷ್ಟಪಟ್ಟು ತಂದಿದ್ದು, ತಂದಿದ್ದೇ ನೆನಪಿಲ್ಲ. ಮೊದಲು ನಗು ಬಂತು, ಆಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಇಟ್ಟಿಗೆ ಇಷ್ಟು ಕೂಡಿಟ್ಟಿದ್ದರೆ ಗೋಡೆಯನ್ನಾದರೂ ಕಟ್ಟಬಹುದಿತ್ತು. ಸಾಕು, ಇನ್ನು ಇರುವುದು ಮುಗಿಯುವವರೆಗೆ ಹೊಸದು ತರುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದಳು.

ಮಾರನೆಯ ದಿನ ರಜೆ. ಡ್ರಾಯರನ್ನು ಮಂಚದ ಮೇಲೆ ಬೋರಲು ಹಾಕಿದಳು. ಅತ್ತೆ ಬಂದು ಎದುರಿಗೇ ಕೂತರು.

ಈ ಅತ್ತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಆ ಕಡೆಯವರು 'ಹಲೋ' ಎನ್ನುವಷ್ಟರಲ್ಲಿ ಅದು ಯಾವ ಅಂಗಡಿಯ ಯಾವ ಗುಮಾಸ್ತ, ಅವನಿಗೆ ನೆಗಡಿಯಾಗಿದೆಯೋ ಇಲ್ಲವೋ, ಎಲ್ಲ ಹೇಳುತ್ತಿದ್ದರಂತೆ. ಆ ಕಿವಿ ಈಚೆಗೆ ಕೊಂಚ ಮಂದವಾಗಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು, ಬಾಯಿ ಬಿಟ್ಟು ಹೇಳುವಂತಿಲ್ಲ. ಮಗ ಒಮ್ಮೆ ಹೇಳಿ, "ಮಂದ ನನ್ನ ಕಿವಿ ಅಲ್ಲ, ನಿನ್ನ ಬಾಯಿ" ಅಂತ ಅನ್ನಿಸಿಕೊಂಡಿದ್ದ. "ಅತ್ತೆ, ಮಾತ್ರೆ ಆಯ್ತಾ?" ಎಂದರೆ "ಆಗಲೇ ತೊಳೆದು ಬೋರಲು ಹಾಕಿದ್ದೀನಿ" ಎನ್ನುತ್ತಿದ್ದರು. ಮಾತ್ರೆ ಅವರಿಗೆ ಯಾವಾಗಲೂ ಪಾತ್ರೆಯೇ. ಉಳಿದಂತೆ ಸೊಸೆಯ ಮಾತು ಅವರಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು. "ಬೆನ್ನು ತೋರಿಸ್ಕೊಂಡು ಮಾತಾಡ್ಬೇಡ, ಈ ಕಡೆ ತಿರುಗು" ಎಂದು ಆಗಾಗ ಗದರುತ್ತಿದ್ದರು, ಅಷ್ಟೆ. ಹಳೇ ಕಾಲದವರ ಶಿಸ್ತು ಎಂದುಕೊಂಡಿದ್ದಳು ಕೆಂಪಮ್ಮ.

ಗಂಡ ಒಳ್ಳೆಯವನು, ಆದರೆ ಮಾತಿನಲ್ಲಿ ಮಹಾ ಜಿಪುಣ. ಹಾಗಾಗಿ ಕೆಂಪಮ್ಮನಿಗೆ ಮಾತಿಗೆ ಇದ್ದವರು ಅತ್ತೆ ಒಬ್ಬರೇ. ಕೆಲಸದಿಂದ ಬಂದವಳು ಮುಖ ಕೂಡ ತೊಳೆಯದೆ, ಟೀ ಲೋಟ ಹಿಡಿದು, ಟ್ಯೂಬ್‌ಲೈಟಿನ ಕೆಳಗೆ ಅತ್ತೆಯ ಎದುರು ಕೂತು ಇಡೀ ಆಸ್ಪತ್ರೆಯನ್ನು ಬಿಚ್ಚಿಡುತ್ತಿದ್ದಳು. ಅತ್ತೆ ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಆ ಅರ್ಧ ಗಂಟೆ ಆಗದಿದ್ದರೆ ಅವಳಿಗೆ ದಿನ ಮುಗಿದ ಹಾಗೇ ಆಗುತ್ತಿರಲಿಲ್ಲ.

ಒಣಗಿದ ಕಾಡಿಗೆ, ವಾಸನೆ ಬಂದ ಕ್ರೀಮು, ಗಟ್ಟಿಯಾದ ನೇಲ್ ಪಾಲಿಶ್ ಎಲ್ಲ ಕಸದ ಬುಟ್ಟಿಗೆ ಹೋದವು. ಸೀಲು ಒಡೆಯದವು ನಾದಿನಿಗೆಂದು ಚೀಲಕ್ಕೆ ಬಿದ್ದವು. ಒಂದು ಪೌಡರ್, ಒಂದು ಕಾಡಿಗೆ, ಒಂದು ಕ್ರೀಮು, ತುಟಿಯ ಬಣ್ಣವನ್ನೇ ಹೋಲುವ ಎರಡು ತಿಳಿ ಲಿಪ್‌ಸ್ಟಿಕ್ ಮಾತ್ರ ಉಳಿದವು. ಕೊನೆಗೆ ಕೈಗೆ ಬಂದಿದ್ದು ಆ ಕಡುಗೆಂಪು. ಹಳೆಯದು ತಳ ಕಂಡಿತ್ತು, ಇದು ಹೊಸದು. ಹೇಗೂ ಅತ್ತೆ ವರ್ಷಗಟ್ಟಲೆ ಆಡಿಕೊಂಡ ಬಣ್ಣ, ಹೋದರೆ ಖುಷಿಪಡುತ್ತಾರೆ ಎಂದುಕೊಂಡು ಅದನ್ನೂ ಚೀಲಕ್ಕೆ ಹಾಕಿದಳು.

"ಅದೂನಾ?" ಎಂದರು ಅತ್ತೆ.

"ಹೂಂ ಅತ್ತೆ. ನಿಮ್ಮ ಕೆಂಪಮ್ಮ ಇವತ್ತಿಂದ ರಿಟೈರ್."

ಅತ್ತೆ ನಗಲಿಲ್ಲ.

ಮುಂದಿನ ದಿನಗಳು ಹಗುರವಾಗಿದ್ದವು. ಡ್ರಾಯರು ಒಂದೇ ಬೆರಳಿಗೆ ಸರಾಗವಾಗಿ ಹೊರಬರುತ್ತಿತ್ತು. ಬೆಳಗ್ಗೆ ಕನ್ನಡಿಯ ಮುಂದೆ ಕಳೆಯುತ್ತಿದ್ದ ಹೊತ್ತಿನಲ್ಲಿ ಕೂತು ತಿಂಡಿ ತಿನ್ನುವ ಹಾಗಾಯಿತು. ಅಂಗಡಿಯ ಹುಡುಗಿ ಕರೆದಾಗ "ಮನೇಲಿ ಅಂಗಡಿನೇ ಇದೆ ಕಣಮ್ಮ" ಎಂದು ನಕ್ಕು ಮುಂದೆ ನಡೆದಾಗ ಕೆಂಪಮ್ಮನಿಗೆ ತನ್ನ ಮೇಲೆ ಹೆಮ್ಮೆಯೇ ಬಂತು.

ಕೆಟ್ಟಿದ್ದು ಸಂಜೆಗಳು ಮಾತ್ರ. ಕೈ ಮುರಿದುಕೊಂಡು ಬಂದ ಮುದುಕರೊಬ್ಬರ ಕತೆಯನ್ನು ಅವಳು ಹೇಳಿದಳು. ಯಾರಿಗೆ ತೋರಿಸಬೇಕು ಅಂತ ಕೌಂಟರಿನಲ್ಲಿ ಕೇಳಿದರೆ, "ಮೊದಲು ನನ್ನ ಹೆಂಡ್ತಿಗೆ ತೋರಿಸ್ಬೇಕು, ನೋವು ಅಂದ್ರೆ ನಂಬೋದೇ ಇಲ್ಲ" ಎಂದರಂತೆ. ಹೇಳಿ ಮುಗಿಸಿ ಅತ್ತೆಯ ನಗುವಿಗೆ ಕಾದಳು.

"ಅಯ್ಯೋ ಪಾಪ," ಎಂದರು ಅತ್ತೆ. "ಯಾವಾಗ ಹೋದ್ರಂತೆ?"

ಮರುದಿನ ಎಲ್ಲಕ್ಕೂ ಬರೀ ಹೂಂಗುಟ್ಟಿದರು. ಅದರ ಮರುದಿನ ತಲೆನೋವೆಂದು ಬೇಗ ಮಲಗಿದರು. ಆಮೇಲೆ ದಿನವೂ ತಲೆನೋವೇ. ಅತ್ತೆ ಮುನಿಸಿಕೊಂಡಿದ್ದಾರೆ ಎಂಬುದರಲ್ಲಿ ಕೆಂಪಮ್ಮನಿಗೆ ಅನುಮಾನ ಉಳಿಯಲಿಲ್ಲ. ಕೊಡುವ ಮೊದಲು ಒಂದು ಮಾತು ಕೇಳಬೇಕಿತ್ತೇ? ದುಡ್ಡು ಹಾಳು ಮಾಡಿದಳೆಂಬ ಕೋಪವೇ? ಕೇಳಲು ಧೈರ್ಯ ಸಾಲದು, ಕೇಳದಿರಲು ಮನಸ್ಸು ತಡೆಯದು. ಟೀ ಲೋಟ ಹಿಡಿದು ಗೋಡೆ ನೋಡುತ್ತಾ ಕೂತಾಗ ಅವಳಿಗೆ ಅಳುವೇ ಬರುತ್ತಿತ್ತು.

ಆ ವಾರದ ಕೊನೆಗೆ ನಾದಿನಿ ಬಂದಳು. ಬಂದವಳೇ ಚೀಲದೊಳಗೆ ಬಗ್ಗಿ ನೋಡಿ, "ಕೆಂಪು ಎಲ್ಲಿ? ಅದು ಇದೆ ಅಂತ್ಲೇ ಓಡಿ ಬಂದಿದ್ದು ನಾನು" ಎಂದಳು. ಚೀಲದಲ್ಲಿರಲಿಲ್ಲ. ಮಂಚದ ಕೆಳಗೆ, ಬೀರುವಿನ ಹಿಂದೆ, ಎಲ್ಲಿಯೂ ಇರಲಿಲ್ಲ. ಹುಡುಕಲು ಕನ್ನಡಕ ಬೇಕಾಗಿ ನಾದಿನಿ ತಾಯಿಯ ಕನ್ನಡಕದ ಡಬ್ಬಿ ತೆಗೆದಳು. ಅದರೊಳಗೆ ಮಲಗಿತ್ತು ಕೆಂಪು.

"ಅಮ್ಮಾ! ಈ ವಯಸ್ಸಲ್ಲಿ ನಿಂಗೆ ಲಿಪ್‌ಸ್ಟಿಕ್ಕಾ?" ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆಯ ಮುಖ ಸಪ್ಪಗಾಯಿತು. ಎದ್ದು ಬಂದು ಮಗಳ ಕೈಯಿಂದ ಅದನ್ನು ತೆಗೆದುಕೊಂಡು ಸೊಸೆಯ ಅಂಗೈಯಲ್ಲಿಟ್ಟರು.

"ಇದನ್ನ ಹಚ್ಕೊಂಡು ಮಾತಾಡು. ನೀನು ಹೇಳಿದ್ದು ನಂಗೊಂದೂ ತಿಳೀತಿಲ್ಲ."

"ಯಾಕತ್ತೆ?"

"ಕಿವಿ ಹೋಗಿದೆ ಕಣಮ್ಮ. ಯಾವತ್ತೋ ಹೋಗಿದೆ. ನಿನ್ನ ತುಟಿ ನೋಡ್ಕೊಂಡೇ ಇಷ್ಟು ದಿನ ನಡೆಸ್ದೆ. ಕೆಂಪಗಿದ್ರೆ ಒಂದೊಂದು ಮಾತೂ ಎದ್ದು ಕಾಣುತ್ತೆ. ಈಗ ತುಟಿ ಯಾವ್ದು, ಮುಖ ಯಾವ್ದು, ಒಂದೂ ಗೊತ್ತಾಗಲ್ಲ." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಮೂವತ್ತು ವರ್ಷ ಕಿವಿಯಿಂದ ಅನ್ನ ತಿಂದೋಳು ನಾನು. ಕೇಳಿಸಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ನಾದಿನಿಯ ನಗು ನಿಂತುಹೋಯಿತು. ಕೆಂಪಮ್ಮ ಸೀಲು ಒಡೆದಳು, ಕನ್ನಡಿಯನ್ನೂ ನೋಡದೆ ದಪ್ಪಗೆ ಬಳಿದುಕೊಂಡಳು, ಟ್ಯೂಬ್‌ಲೈಟಿನ ಕೆಳಗೆ ಕುರ್ಚಿ ಎಳೆದು ಅತ್ತೆಯನ್ನು ಕೂರಿಸಿ ಎದುರಿಗೆ ಕೂತಳು. ಕೈ ಮುರಿದ ಮುದುಕರ ಕತೆಯನ್ನು ಮೊದಲಿನಿಂದ ಹೇಳಿದಳು. ಅತ್ತೆ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು. "ಸದ್ಯ, ಬದುಕಿದ್ದಾರಲ್ಲ" ಎಂದರು. ಆಮೇಲೆ ಅವಳು ಮಾತ್ರೆ ಆಯ್ತಾ ಎಂದು ಕೇಳಿದಳು.

"ತೊಳೆದು ಬೋರಲು ಹಾಕಿದ್ದೀನಿ," ಎಂದರು ಅತ್ತೆ, ಬೇಕೆಂದೇ.

ಕಿವಿ ಡಾಕ್ಟರಿಗೆ ತೋರಿಸೋಣ ಎಂದರೆ ಅತ್ತೆ 'ನೋಡೋಣ' ಎಂದಿದ್ದಾರೆ. ಆ ನೋಡೋಣ ಇನ್ನೂ ಮುಗಿದಿಲ್ಲ. ಡ್ರಾಯರು ಈಗಲೂ ಒಂದೇ ಬೆರಳಿಗೆ ಹೊರಬರುತ್ತದೆ. ಕೆಂಪಮ್ಮ ಆ ಅಂಗಡಿಯೊಳಗೆ ಮತ್ತೆ ಕಾಲಿಟ್ಟಿದ್ದು ಕೆಂಪು ತಳ ಕಂಡ ಮೇಲೆಯೇ. ಹುಡುಗಿಗೆ ಸಂಭ್ರಮ. ಹೊಸ ಬಣ್ಣಗಳನ್ನೆಲ್ಲ ಸಾಲಾಗಿ ಜೋಡಿಸಿದಳು. ಕೆಂಪಮ್ಮ ಯಾವುದನ್ನೂ ಮುಟ್ಟದೆ ಆ ಕಡುಗೆಂಪನ್ನೇ ಕೇಳಿದಳು.

"ಮತ್ತೆ ಅದೇನಾ ಮೇಡಂ? ಈ ತಿಳಿ ಬಣ್ಣ ನಿಮಗೆ ಚೆನ್ನಾಗಿ ಒಪ್ಪುತ್ತೆ."

"ನನಗಲ್ಲಮ್ಮ," ಎಂದಳು ಕೆಂಪಮ್ಮ. "ನಮ್ಮತ್ತೆಗೆ."