ತವರಿನ ಎಣ್ಣೆ

ಆಂದ್ರಿಯಾ ಊರಿನ ಸಾಬಿನೊ ಮನೆತನಕ್ಕೆ ಸೊಸೆಯಾಗಿ ಬಂದವಳು ತವರಿನಿಂದ ಹಾಸಿಗೆ ತರಬಹುದು, ತಾಮ್ರದ ಪಾತ್ರೆ ತರಬಹುದು, ಎಣ್ಣೆ ಮಾತ್ರ ತರುವಂತಿಲ್ಲ. ತಂದರೆ ಗಂಡನ ಮನೆಯ ಆಲಿವ್ ತೋಟಕ್ಕೇ ಅವಮಾನ. ಒರೋಂಜ ಮೂವತ್ತು ವರ್ಷ ಈ ಕಟ್ಟಳೆಗೆ ತಲೆಬಾಗಿದ್ದಳು.

ಅವಳು ಹುಟ್ಟಿದ್ದು ಒಸ್ತೂನಿಯಲ್ಲಿ. ಅಲ್ಲಿನ ಎಣ್ಣೆ ಮೆದು, ಬಾದಾಮಿಯ ಘಮ. ಅತ್ತೆಮನೆಯದು ಹಸಿರು ಹಸಿರಾದ ಕಹಿ ಎಣ್ಣೆ. ಗಂಟಲಿಗಿಳಿದರೆ ಮೆಣಸು ಅರೆದು ಹಾಕಿದಂತೆ ಕೆಮ್ಮು. ಸುಟ್ಟ ಮಾಂಸಕ್ಕೆ, ಕಾಳಿನ ಗಂಜಿಗೆ ಅದನ್ನು ಬಿಟ್ಟರಿಲ್ಲ ಎಂದು ಅವಳೂ ಒಪ್ಪುತ್ತಿದ್ದಳು. ಆದರೆ ಆ ಮನೆಯವರು ಬೇಸಿಗೆಯ ಟೊಮೆಟೊಗೂ ಅದನ್ನೇ ಸುರಿದು, ಮೇಲೆ ಒಗರು ಕೆಂಪು ವೈನ್ ಕುಡಿಯುತ್ತಿದ್ದರು. ಅಭಿಮಾನ ಹೆಚ್ಚಾದವರಿಗೆ ನಾಲಿಗೆ ಕೆಲಸ ಮಾಡುವುದಿಲ್ಲ.

ಈ ಬೇಸಿಗೆಯಲ್ಲಿ ಮಾವ ಸಾಬಿನೊಗೆ ಗಂಟಲಿನ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದವರು ದಿನೇದಿನೇ ಸೊರಗಿದರು. ಎರಡು ತುತ್ತಿಗೇ ಕಣ್ಣಲ್ಲಿ ನೀರು; "ಹಸಿವಿಲ್ಲ" ಎಂದು ತಟ್ಟೆ ಸರಿಸುತ್ತಿದ್ದರು. ಅಪ್ಪ ನೆಟ್ಟ ಮರದ ಎಣ್ಣೆ ತನ್ನ ಗಂಟಲನ್ನೇ ಸುಡುತ್ತಿದೆ ಎಂದು ಯಾವ ಬಾಯಿಂದ ಹೇಳಿಯಾರು? ಬಿಸಿ ತುಪ್ಪ, ನುಂಗಲಾಗದು, ಉಗುಳಲಾಗದು.

ಒರೋಂಜಳಿಗೆ ತಿಳಿಯಿತು. ತವರಿನ ಮೆದು ಎಣ್ಣೆ ತರುತ್ತೇನೆ ಎಂದು ಗಂಡ ರಿಕ್ಕಾರ್ದೊಗೆ ಹೇಳಿದಳು.

"ಎಣ್ಣೆ ತರ್ತೀಯಾ? ಅಮ್ಮ ನಿನ್ನನ್ನೂ ಸೇರಿಸಿ ಆಚೆ ಹಾಕ್ತಾಳೆ ನೋಡು."

"ಹಾಕ್ಲಿ. ಆಮೇಲೆ ಅಡುಗೆ ನೀನೇ ಮಾಡು."

ಮರುದಿನವೇ ಬಸ್ಸು ಹತ್ತಿದಳು. ಅಣ್ಣನ ಮನೆಯಿಂದ ಒಂದು ಡಬ್ಬ ಎಣ್ಣೆ, ತಣ್ಣಗೆ ಕುಡಿಯುವ ತೆಳು ಗುಲಾಬಿ ಬಣ್ಣದ ವೈನ್ ಎರಡು ಸೀಸೆ ಹಿಡಿದು ಹಿಂದಿರುಗಿದಳು. ಬಾಗಿಲಲ್ಲೇ ಅತ್ತೆ ರಿಪಾಲ್ತ ನಿಂತಿದ್ದಳು.

"ಏನೇ ಅದು?"

ಮುಚ್ಚಿಟ್ಟುಕೊಳ್ಳುವ ಜಾತಿಯವಳಲ್ಲ ಒರೋಂಜ. "ಎಣ್ಣೆ, ಅತ್ತೆ. ನಮ್ಮಣ್ಣನ ಮನೇದು."

"ಸರಿ ಹೋಯ್ತು! ನಮ್ಮನೇಲಿ ಎಣ್ಣೆ ಬತ್ತಿಹೋಯ್ತು ಅಂತ ಊರೆಲ್ಲ ಡಂಗುರ ಸಾರಿ ಬಂದ್ಯಾ?"

"ಊರು ಏನಾದ್ರೂ ಅಂದ್ಕೊಳ್ಳಿ. ಮಾವ ಊಟ ಮಾಡ್ಬೇಕು, ನಂಗೆ ಅಷ್ಟೇ ಬೇಕಾಗಿರೋದು."

ಮಧ್ಯಾಹ್ನ ಒಣ ಬ್ರೆಡ್ಡನ್ನು ನೀರಲ್ಲಿ ನೆನೆಸಿ, ಟೊಮೆಟೊ, ಸೌತೆ, ಈರುಳ್ಳಿ ಬೆರೆಸಿದಳು. ಎಣ್ಣೆ ಹಾಕದೆ ಬಡಿಸಿ, ಡಬ್ಬವನ್ನು ಮೇಜಿನ ನಡುವೆ ಇಟ್ಟಳು. ರಿಪಾಲ್ತ ಮನೆಯ ಸೀಸೆಯನ್ನು ಅದರ ಪಕ್ಕಕ್ಕೇ ಕುಕ್ಕಿದಳು. ರಿಕ್ಕಾರ್ದೊ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮುದುಕರು ಎರಡನ್ನೂ ನೋಡಿದರು. ಕೊನೆಗೆ ಡಬ್ಬ ಎತ್ತಿ ಸುರಿದುಕೊಂಡರು. ಒಂದು ತುತ್ತು, ಇನ್ನೊಂದು, ಮತ್ತೊಂದು. ಕೆಮ್ಮಲಿಲ್ಲ. ಗುಲಾಬಿ ವೈನ್ ಒಂದು ಗುಟುಕು ಕುಡಿದು, ತಟ್ಟೆ ಬಳಿದು ತಿಂದರು. ರಿಪಾಲ್ತ ಆ ಖಾಲಿ ತಟ್ಟೆಯನ್ನೇ ನೋಡುತ್ತ ಕೂತಳು.

ಆಗ ಸಾಬಿನೊ ಸೊಸೆಯತ್ತ ತಿರುಗಿದರು.

"ಇಷ್ಟು ವರ್ಷ ನಿಂಗೂ ಗಂಟಲು ಉರೀತಿತ್ತೇನಮ್ಮಾ?"

ಅವಳ ಕಣ್ಣು ತುಂಬಿತು. ಆದರೂ ಸುಳ್ಳು ಹೇಳಲಿಲ್ಲ.

"ಉರೀತಿತ್ತು, ಮಾವ."

ಅವರು ಡಬ್ಬವನ್ನು ಮತ್ತೆ ಎತ್ತಿ, ಅವಳ ತಟ್ಟೆಗೆ ತಮ್ಮ ಕೈಯಾರೆ ಎಣ್ಣೆ ಹಾಕಿದರು.